ಸುಸ್ತಿ ಬಾಕಿಯೂ ನಂಬಿಕೆಯ ಕುರ್ಚಿಯೂ

ಸಿದ್ದಾಪುರ ಸೀಮೆಯ ಹಳ್ಳಿಗಳಲ್ಲಿ ಊರಿನ ದುಡ್ಡು ಕಾಯುವ ಮೊದಲ ಕುರ್ಚಿ ಸೇವಾ ಸಹಕಾರಿ ಸಂಘದ ನಿರ್ದೇಶಕರದು. ಬೆಳೆಸಾಲ, ಗೊಬ್ಬರ, ಠೇವಣಿ ಎಲ್ಲಕ್ಕೂ ನಮಗೆ ಸಂಘವೇ. ಚುನಾವಣೆ ಬಂತೆಂದರೆ ನೋಟಿಸ್ ಬೋರ್ಡಿನಲ್ಲಿ ಅನರ್ಹ ಮತದಾರರ ಪಟ್ಟಿ ಬೀಳುತ್ತದೆ. ಅದರಲ್ಲಿ ತಮ್ಮ ಹೆಸರಿಲ್ಲ ಎಂದು ಖಾತ್ರಿಯಾದ ಮೇಲೆಯೇ ಜನ ಅಭ್ಯರ್ಥಿಗಳ ಮಾತೆತ್ತುವುದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ಸುಸ್ತಿದಾರರಿಗೆ ಮತವಿಲ್ಲ. 29-ಸಿ ಕಲಮಿನಂತೆ ಆಡಳಿತ ಮಂಡಳಿಯಲ್ಲಿ ಜಾಗವೂ ಇಲ್ಲ. ಬಾಕಿ ಬೇರೆ ಸಹಕಾರ ಸಂಘದ್ದಾದರೂ ಅಷ್ಟೇ.

ಈ ನಿಯಮವನ್ನು ನಾನು ಒಪ್ಪುತ್ತೇನೆ. ತಮ್ಮ ಬಾಕಿಯನ್ನೇ ಕಟ್ಟದವರು ಬೇರೆಯವರ ಸಾಲದ ಅರ್ಜಿ ಮಂಜೂರು ಮಾಡಲು ಕೂತರೆ ಠೇವಣಿ ಇಟ್ಟವರು ಯಾರನ್ನು ನಂಬಬೇಕು? ಹಾಗೆಂದು ಸಾಲ ಇದ್ದವರೆಲ್ಲ ಅನರ್ಹರಲ್ಲ. ಅಡಿಕೆ ತೋಟ ಇದ್ದ ಮನೆಯಲ್ಲಿ ಬೆಳೆಸಾಲ ಇರುವುದು ಸಹಜ. ವಾಯಿದೆ ಮೀರಿದರೆ ಮಾತ್ರ ತೊಂದರೆ. ಕೊಳೆ ರೋಗ ಬಂದು ಅರ್ಧ ಫಸಲು ಹೋದ ವರ್ಷವೂ, ದರ ಏರುವವರೆಗೆ ಕಾಯದೆ ಚಾಲಿ ಅಡಿಕೆ ಮಾರಿ ಸಾಲ ನವೀಕರಣ ಮಾಡಿಕೊಳ್ಳುವವರು ನಮ್ಮಲ್ಲಿ ಬಹಳ. ಸುಸ್ತಿಯಾದರೆ ಶೂನ್ಯ ಬಡ್ಡಿಯ ಸೌಲಭ್ಯವೂ ಕೈತಪ್ಪುತ್ತದೆ.

ಶಾಸನಸಭೆಗೆ ನಿಲ್ಲುವವರಿಗೆ ಇಷ್ಟು ಬಿಗಿ ಇಲ್ಲ. ಸಂವಿಧಾನದ 191ನೇ ವಿಧಿ ತಡೆಯುವುದು ನ್ಯಾಯಾಲಯ ದಿವಾಳಿ ಎಂದು ಘೋಷಿಸಿ, ಅದರಿಂದ ಇನ್ನೂ ಬಿಡುಗಡೆ ಸಿಗದವರನ್ನು. ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆ ನಿಯಮಗಳ 17ನೇ ನಿಯಮವಿದೆ: ಸದಾ ಸಾಲದಲ್ಲಿ ಮುಳುಗಿರಬಾರದು, ಸಾಲ ವಸೂಲಿಗೆ ದಾವೆ ಬಿದ್ದರೆ ಕೂಡಲೇ ಇಲಾಖೆಗೆ ತಿಳಿಸಬೇಕು.

ನನಗೆ ಚಿಂತೆ ಹುಟ್ಟಿಸಿರುವುದು ಸರ್ಕಾರಿ ಬ್ಯಾಂಕಿನ ನೌಕರಿಗೆ ಓದುತ್ತಿರುವ ಮಕ್ಕಳ ಸಂಗತಿ. ಪರಿಚಯದವರ ಮಗಳೊಬ್ಬಳು ಬ್ಯಾಂಕ್ ಪರೀಕ್ಷೆ ಪಾಸಾದಾಗ ಅವಳ ಕಾಗದಪತ್ರ ನೋಡಿಕೊಡಲು ನನ್ನನ್ನು ಕರೆದಿದ್ದರು. ಸಾಲ ಕಟ್ಟಿದ್ದರ, ಬಾಕಿ ಉಳಿಸಿದ್ದರ ಲೆಕ್ಕ ತೋರಿಸುವ ಸಿಬಿಲ್ ವರದಿ ತೆಗೆಸೋಣ ಎಂದೆ. "ಯಂದೊಂದು ಪೈಸೆ ಸಾಲ ಇಲ್ಲೆ ಮಾರಾಯಾ, ಕೂಸಿನ ಸಾಲ ನೌಕರಿ ಸಿಕ್ಕ ಮೇಲೆ ಕಟ್ಟದು" ಎಂದರು ಅಪ್ಪ. ವರದಿಯಲ್ಲಿ ಶಿಕ್ಷಣ ಸಾಲದ ಕೆಳಗೆ ತಿಂಗಳಿಗೊಂದರಂತೆ ಚಿಕ್ಕ ಚೌಕಗಳು. ಮೊದಲಿನವುಗಳಲ್ಲಿ ಸೊನ್ನೆ, ಆಮೇಲೆ 30, 60, 90: ಕಂತು ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ, ನೌಕರಿ ಸಿಗಲಿ ಬಿಡಲಿ. ಸಹಸಾಲಗಾರರಾಗಿ ಸಹಿ ಹಾಕಿದ್ದ ಅಪ್ಪನ ವರದಿಯಲ್ಲೂ ಅದೇ ಅಂಕಿಗಳಿದ್ದವು.

ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡು ಸಿಬಿಲ್ ಕೆಡಿಸಿಕೊಂಡವರನ್ನು ನೇಮಿಸುವುದಿಲ್ಲ ಎಂದು ಸ್ಟೇಟ್ ಬ್ಯಾಂಕಿನ ನೇಮಕಾತಿ ಪ್ರಕಟಣೆಗಳಲ್ಲೇ ಬರೆದಿರುತ್ತದೆ. ಹೀಗೆ ನೇಮಕಾತಿ ಕಳೆದುಕೊಂಡ ಅಭ್ಯರ್ಥಿಯೊಬ್ಬರು ಸಾಲವೆಲ್ಲ ತೀರಿಸಿದ್ದೇನೆಂದು ವಾದಿಸಿದರೂ 2025ರಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ನಿರ್ಧಾರವನ್ನೇ ಎತ್ತಿಹಿಡಿಯಿತು. ಉಳಿದ ಸರ್ಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ಪರೀಕ್ಷೆಯ ಮೂಲಕ ಹೋಗುವವರಿಗೆ ಒಂದು ದಾರಿ ಇದೆ: ಕೆಲಸಕ್ಕೆ ಸೇರುವ ಮೊದಲು ವರದಿ ಸರಿಪಡಿಸಿಕೊಳ್ಳಬೇಕು, ಇಲ್ಲವೇ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತರಬೇಕು. ನಮ್ಮ ಹುಡುಗಿಯ ಅಪ್ಪ ಕೂಡಿಟ್ಟಿದ್ದ ಚಾಲಿ ಮಾರಿ ಸಾಲ ಚುಕ್ತಾ ಮಾಡಿದರು, ಪತ್ರ ತಂದರು. ಅವಳು ಕೆಲಸಕ್ಕೆ ಸೇರಿದಳು.

ಮಾರಲು ಚಾಲಿ ಇಲ್ಲದ ಕೂಲಿಕಾರರ ಮಗಳಾಗಿದ್ದರೆ? ನೌಕರಿಗಾಗಿ ಓದಲು ಮಾಡಿದ ಸಾಲವೇ ನೌಕರಿಗೆ ಅಡ್ಡ ಬರುವುದು ಅನ್ಯಾಯ. ದುಡ್ಡಿದ್ದೂ ಕಟ್ಟದವರನ್ನೂ ದುಡಿಮೆಯೇ ಸಿಗದೆ ಕಟ್ಟಲಾಗದವರನ್ನೂ ಒಂದೇ ಅಂಕಿಯಲ್ಲಿ ಅಳೆಯಬಾರದು. ಶಿಕ್ಷಣ ಸಾಲದ ಬಾಕಿಯನ್ನು ಸಂಬಳದಲ್ಲಿ ಮುರಿದುಕೊಳ್ಳುವ ಷರತ್ತಿನ ಮೇಲೆ ಬ್ಯಾಂಕುಗಳು ಇಂಥವರನ್ನು ಸೇರಿಸಿಕೊಳ್ಳಬೇಕು.

ನಿಯಮ ಬದಲಾಗುವವರೆಗೆ ಎಚ್ಚರ ನಮ್ಮದೇ. 2017ರಿಂದ ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ಆದೇಶ. ಜಾಮೀನು ಹಾಕಿದ ಸಾಲವೂ ನಿಮ್ಮ ವರದಿಯಲ್ಲಿ ಬರುತ್ತದೆ. ಮನೆಯಲ್ಲಿ ಪರೀಕ್ಷೆಗೆ ಓದುವವರಿದ್ದರೆ ಫಾರ್ಮ್ ತುಂಬುವ ಮೊದಲೇ ವರದಿ ತೆಗೆಸಿ, ಕಂತು ಕಟ್ಟಲಾಗದಿದ್ದರೆ ವಾಯಿದೆ ಮೀರುವ ಮುಂಚೆಯೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಣೆಗೆ ಲಿಖಿತ ಅರ್ಜಿ ಕೊಡಿ.