ಇಂದಿನ ಧಮ್ಮ ಚಿಂತನೆ: ಮೊದಲ ಬಾಣ, ಎರಡನೇ ಬಾಣ





ಮಜ್ಝಿಮ ನಿಕಾಯದ ಚೂಳಮಾಲುಂಕ್ಯ ಸುತ್ತದಲ್ಲಿ ಒಬ್ಬನಿಗೆ ವಿಷದ ಬಾಣ ತಾಗುತ್ತದೆ. ನೆಂಟರು ವೈದ್ಯನನ್ನು ಕರೆತರುತ್ತಾರೆ. ಅವನೋ ಬಾಣ ಬಿಟ್ಟವನು ಯಾರು, ಯಾವ ಕುಲದವನು, ಬಿಲ್ಲು ಎಂಥದ್ದು ಎಂದು ತಿಳಿಯದೆ ಬಾಣ ಕೀಳಲು ಬಿಡೆನೆಂದು ಹಟ ಹಿಡಿಯುತ್ತಾನೆ. ಉತ್ತರ ಸಿಗುವ ಮೊದಲೇ ಸಾಯುತ್ತಾನೆ. ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಎರಡು ಬಾಣಗಳ ಮಾತು ಬರುತ್ತದೆ. ಮೊದಲನೆಯದು ಮೈಗೆ ತಾಗಿದ ನೋವು. ಎರಡನೆಯದು ಅದೇ ನೋವಿನ ಮೇಲೆ ಮನಸ್ಸು ಹೂಡಿಕೊಳ್ಳುವ ಸಂಕಟ.

ಈ ಎರಡು ಪಾಠಗಳೂ ಒಟ್ಟಿಗೆ ಬೇಕಾಗುವ ಸಂದರ್ಭವೊಂದಿದೆ. ಅದು ನಾಯಿ ಕಚ್ಚಿದಾಗ, ಅಥವಾ ಕಚ್ಚಿತೋ ಇಲ್ಲವೋ ಎಂದು ಗೊತ್ತಾಗದಿದ್ದಾಗ.

ಸಾಗರ, ಹೊಸನಗರ, ತೀರ್ಥಹಳ್ಳಿಯ ನಾವು ಕೆಲವರು ಬೋಧಗಯಾ, ಕುಶಿನಗರ ನೋಡಿಕೊಂಡು ಗಡಿ ದಾಟಿ ನೇಪಾಳದ ಲುಂಬಿನಿಗೆ ಹೋಗಿದ್ದೆವು. ಅಲ್ಲಿ ರಸ್ತೆಯಲ್ಲಿ ಒಂದು ಬೀದಿನಾಯಿ ತೀರ್ಥಹಳ್ಳಿಯ ಅಕ್ಕನ ಸೀರೆಯ ಅಂಚು ಹಿಡಿದು ಎಳೆಯಿತು. ಆಗ ಯಾರೂ ಅದನ್ನು ದೊಡ್ಡದಾಗಿ ನೋಡಲಿಲ್ಲ. ರಾತ್ರಿ ಕಾಲು ತೊಳೆಯುವಾಗ ಅಕ್ಕನಿಗೆ ಹರಡಿನ ಹತ್ತಿರ ಕೆಂಪು ಗೀರು ಕಂಡಿತು. ರಕ್ತ ಬಂದಿರಲಿಲ್ಲ. ನಾಯಿಯ ಹಲ್ಲೋ, ಉಗುರೋ, ಬೇಲಿಯ ಮುಳ್ಳೋ ಹೇಳುವಂತಿರಲಿಲ್ಲ. ಅಕ್ಕ ನಿದ್ದೆ ಮಾಡಲಿಲ್ಲ.

ಸುತ್ತಲಿದ್ದವರ ಮಾತು ಬಾಣ ತಾಗಿದವನ ಪ್ರಶ್ನೆಗಳಂತೆಯೇ ಇದ್ದವು. ಒಬ್ಬರು "ಭಗವಾನರು ಹುಟ್ಟಿದ ನೆಲದ ನಾಯಿ, ಏನೂ ಆಗಲ್ಲ" ಅಂದರು. ಇನ್ನೊಬ್ಬರು "ಊರಿಗೆ ಹೋದಮೇಲೆ ನೋಡೋಣ" ಅಂದರು. ಮತ್ತೊಬ್ಬರು ನಮ್ಮ ಕಡೆ ನಾಯಿ ಕಡಿತಕ್ಕೆ ಬೇರಿನ ಮದ್ದು ಕೊಟ್ಟು ಪಥ್ಯ ಹೇಳುವವರ ನೆನಪು ತೆಗೆದರು. ಊರು ತಲುಪಲು ಇನ್ನೂ ಐದು ದಿನವಿತ್ತು.

ಇಲ್ಲಿ ಬೇಕಾದದ್ದು ನಂಬಿಕೆಯಲ್ಲ, ಕಾರಣ-ಕಾರ್ಯದ ತಿಳಿವಳಿಕೆ. ರೇಬೀಸ್ ವೈರಸ್ ಗಾಯದಿಂದ ನರಗಳ ಮೂಲಕ ಮಿದುಳಿನ ಕಡೆಗೆ ಸಾಗುತ್ತದೆ. ರೋಗದ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ಒಂದೇ ವಾರ, ಅಪರೂಪಕ್ಕೆ ವರ್ಷಕ್ಕಿಂತ ಹೆಚ್ಚು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಅದಕ್ಕೆ ಮೊದಲೇ ಸರಿಯಾಗಿ ಚಿಕಿತ್ಸೆ ಪಡೆದರೆ ರೋಗವನ್ನು ತಡೆಯಬಹುದು.

ಮೊದಲ ಮದ್ದು ನೀರು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಬಾರದು. ದನ-ನಾಯಿಗಳಿಗೆ ತಡೆಯಿಲ್ಲದ ಮಹಾಡದ ಚವದಾರ್ ಕೆರೆಯಲ್ಲಿ ನಮ್ಮವರಿಗೆ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರನ್ನು ಮುಟ್ಟಿದರು. ನೀರಿನ ಹಕ್ಕು ಎಂದರೆ ಜೀವದ ಹಕ್ಕು ಎಂಬುದು ಗಾಯ ತೊಳೆಯುವಾಗಲೂ ನಿಜ. ನಾಯಿ ಕಚ್ಚಿದವರು ಯಾರೇ ಆಗಿರಲಿ, ಹತ್ತಿರದ ನಲ್ಲಿ ಯಾರದೇ ಆಗಿರಲಿ, ಸಂಕೋಚಪಡದೆ ನೀರು ಕೇಳಬೇಕು, ಕೇಳಿದವರಿಗೆ ಕೊಡಬೇಕು.

ಎರಡನೆಯದು ಲಸಿಕೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ತೊಳೆದರೆ ಸಾಕು, ಲಸಿಕೆ ಬೇಡ. ರಕ್ತ ಬಾರದ ಗೀರಾದರೂ ಲಸಿಕೆ ಬೇಕು. ಹಲ್ಲು ಚರ್ಮ ತೂರಿದ್ದರೆ, ಅಥವಾ ಜೊಲ್ಲು ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಾಗಿದ್ದರೆ ಲಸಿಕೆಯ ಜೊತೆ ಗಾಯದೊಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಕೊಡಿಸಬೇಕು. ಊರಿನ ಪರಿಚಿತ ನಾಯಿಯಾದರೆ 10 ದಿನ ಗಮನಿಸಬಹುದು, ಆದರೆ ಅದಕ್ಕಾಗಿ ಮೊದಲ ಡೋಸ್ ಮುಂದೂಡಬಾರದು. ಪರದೇಶದ ಬೀದಿನಾಯಿಯನ್ನು ಗಮನಿಸುವುದಂತೂ ಆಗದ ಮಾತು.

ಅಕ್ಕ ಅದೇ ರಾತ್ರಿ ಕಾಲು ತೊಳೆದುಕೊಂಡರು. ಬೆಳಿಗ್ಗೆ ಅಲ್ಲಿನ ಆಸ್ಪತ್ರೆಯಲ್ಲಿ ಮೊದಲ ಡೋಸ್ ಆಯಿತು. ಮೂರನೇ ದಿನದ್ದು ವಾರಾಣಸಿಯಲ್ಲಿ, ಉಳಿದದ್ದು ತೀರ್ಥಹಳ್ಳಿಯಲ್ಲಿ. ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದರು.

ಮೊದಲ ಬಾಣ ಹೊರಬಂತು. ಆದರೆ ಎಲ್ಲ ಡೋಸ್ ಮುಗಿದ ಮೇಲೂ ಅಕ್ಕ ಫೋನ್ ಮಾಡುತ್ತಿದ್ದರು. "ನೀರು ಕುಡಿಯುವಾಗ ಗಂಟಲು ಹಿಡಿದ ಹಾಗೆ ಆಯ್ತು, ಅದೇ ಇರಬಹುದಾ?" ಎಂದು ಕೇಳುತ್ತಿದ್ದರು. ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದರು. "ಧ್ಯಾನ ಮಾಡಿ, ಸರಿಹೋಗುತ್ತದೆ" ಎಂದು ನಾನು ಹೇಳಲಿಲ್ಲ, ಭಯವನ್ನು ನೋಡಿ ನಗಲೂ ಇಲ್ಲ. ಇಬ್ಬರೂ ಚೀಟಿ ಎದುರಿಗಿಟ್ಟುಕೊಂಡು ಕುಳಿತೆವು. "ಅಕ್ಕಾ, ಇನ್ನು ಮಾಡಬೇಕಾದದ್ದು ಏನಾದರೂ ಉಳಿದಿದೆಯಾ?" ಎಂದು ಕೇಳಿದೆ. ಒಂದೊಂದೇ ತಾರೀಕು ಓದಿದರು. ಏನೂ ಉಳಿದಿರಲಿಲ್ಲ. ಭಯ ಬಂದಾಗಲೆಲ್ಲ ಇದೇ ಪ್ರಶ್ನೆ ಕೇಳಿಕೊಳ್ಳಿ ಎಂದೆ. ಉಳಿದಿದ್ದರೆ ಈಗಲೇ ಮಾಡಿ, ಇಲ್ಲದಿದ್ದರೆ ಇದು ಎರಡನೇ ಬಾಣವೆಂದು ಗುರುತಿಸಿ. ಭಯ ಒಂದೇ ದಿನಕ್ಕೆ ಹೋಗಲಿಲ್ಲ. ಫೋನ್ ಮಾತ್ರ ಕಡಿಮೆಯಾಗುತ್ತ ಬಂತು.

ಮಾಡಬೇಕಾದದ್ದನ್ನು ಮಾಡಿಸುವ ಭಯ ಅಪ್ಪಮಾದ, ಅಂದರೆ ಎಚ್ಚರ. ಮಾಡಿ ಮುಗಿದ ಮೇಲೂ ಚುಚ್ಚುವ ಭಯ ದುಃಖ. ಮೊದಲನೆಯದನ್ನು ಬಿಟ್ಟರೆ ಜೀವ ಹೋಗಬಹುದು, ಎರಡನೆಯದನ್ನು ಬಿಡದಿದ್ದರೆ ನೆಮ್ಮದಿ ಹೋಗುತ್ತದೆ.

ನಮ್ಮ ಹಿರಿಯರಿಗೆ ಹೊಕ್ಕುಳ ಸುತ್ತ ಕೊಡುತ್ತಿದ್ದ 14 ಇಂಜೆಕ್ಷನ್‌ಗಳ ಹೆದರಿಕೆ ಇನ್ನೂ ಇದೆ. ಆ ಹಳೆಯ ಲಸಿಕೆ ಈಗ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ, ನಾಲ್ಕು ಸಲ ಹೋದರೆ ಸಾಕು. ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು ಸಲ. ಆದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ನಾಲ್ಕು ಸಲ ಆಸ್ಪತ್ರೆಗೆ ಹೋದರೆ ನಾಲ್ಕು ದಿನದ ಕೂಲಿ ಹೋಗುತ್ತದೆ. ಹೊಸನಗರದ ಒಬ್ಬ ಕೂಲಿ ತಮ್ಮ ಎರಡು ಡೋಸಿಗೆ ನಿಲ್ಲಿಸಿದ್ದು ಇದೇ ಕಾರಣಕ್ಕೆ. ನಾವು ಅವನ ಜೊತೆ ಹೋಗಿ ಉಳಿದದ್ದನ್ನು ಪೂರೈಸಿಸಿದೆವು. ಅವನಿಗೆ ಉಪದೇಶ ಬೇಕಿರಲಿಲ್ಲ, ಜೊತೆಗೊಬ್ಬರು ಬೇಕಿತ್ತು. ಕರುಣೆ ಎಂದರೆ ಅದು. ಪಂಚಶೀಲದ ಮೊದಲ ಶೀಲ ನಾಯಿಗೂ ಸಲ್ಲುತ್ತದೆ. ಕಲ್ಲು ಹೊಡೆದರೆ ರೇಬೀಸ್ ಹೋಗದು, ನಾಯಿಗಳಿಗೆ ಲಸಿಕೆ ಹಾಕಿಸಿದರೆ ಹೋಗುತ್ತದೆ.

*ಇಂದಿನ ಅಭ್ಯಾಸ:* ನಿಮ್ಮ ಕೇರಿಯಲ್ಲಿ ನಾಯಿ ಕಚ್ಚಿಸಿಕೊಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಅವರ ಚೀಟಿ ನೋಡಿ. ಡೋಸ್ ಉಳಿದಿದ್ದರೆ ಜೊತೆಗೆ ಹೋಗಿ. ಮುಗಿದಿದ್ದರೆ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಜೈ ಭೀಮ್. ನಮೋ ಬುದ್ಧಾಯ.