ಆರೋಗ್ಯ ಪ್ರಶ್ನೋತ್ತರ: ಒರ್ಲ್ಯಾಂಡೊ ಟಿಕೆಟ್ ಇಟ್ಟುಕೊಳ್ಳೋಣವೇ?

ಆಗಸ್ಟ್ 2021, ಕೊನೆಯ ವಾರ

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಜೂನ್ ಕೊನೆಯಲ್ಲಿ, ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡು, ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಆರು ಜನಕ್ಕೆ ಟಿಕೆಟ್ ತೆಗೆದೆವು. ಅಕ್ಟೋಬರ್ 1ಕ್ಕೆ ಅದಕ್ಕೆ 50 ವರ್ಷ ತುಂಬುತ್ತದೆ, ಆ ದಿನವೇ ಅಲ್ಲಿರಬೇಕು ಎಂದು ಮಗಳ ಹಟ. ಟಿಕೆಟ್ ತೆಗೆದಾಗ ಲಸಿಕೆ ಆದವರಿಗೆ ಮಾಸ್ಕ್ ಬೇಡ ಎಂದಿದ್ದರು. ಈಗ ಎಲ್ಲರಿಗೂ ಬೇಕಂತೆ. ಹೋಗುವ ಹೊತ್ತಿಗೆ ಇನ್ನೇನೋ! ಮಾವನವರಿಗೆ 72, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ತಾರೆ, ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ. ಅತ್ತೆಗೆ 66, ಮಂಡಿನೋವು ಬಿಟ್ಟರೆ ಗಟ್ಟಿಮುಟ್ಟು. ಇಬ್ಬರೂ ಜನವರಿಯಲ್ಲಿ ಬಂದವರು, ವಿಸ್ತರಣೆಗೆ ಅರ್ಜಿ ಹಾಕಿ ಉಳಿದುಕೊಂಡಿದ್ದಾರೆ, ಇಲ್ಲೇ ಎರಡು ಡೋಸ್ ಫೈಜರ್ ಆಯಿತು. ನವೆಂಬರ್‌ನಲ್ಲಿ ಹಾಸನಕ್ಕೆ ವಾಪಸ್. ನಾನು, ಯಜಮಾನರು, 13 ವರ್ಷದ ಮಗಳು, ಮೂವರಿಗೂ ಲಸಿಕೆ ಆಗಿದೆ. ಮಗನಿಗೆ ಆರು ವರ್ಷ, ಅವನಿಗೆ ಇನ್ನೂ ಲಸಿಕೆಯೇ ಬಂದಿಲ್ಲ. "ಮಾಸ್ಕ್ ಮತ್ತೆ ಹಾಕಿಸ್ತಿದ್ದಾರಲ್ಲ, ಇನ್ನೂ ಒಳ್ಳೇದೇ ಆಯ್ತು" ಅನ್ನುತ್ತಾರೆ ಯಜಮಾನರು. ನನಗೆ ನಿದ್ದೆ ಬರುತ್ತಿಲ್ಲ. ಹೋಗೋದೋ ಬಿಡೋದೋ, ಒಂದು ಮಾತು ಹೇಳಿಬಿಡಿ.

ಉತ್ತರ: ಒಂದು ಮಾತು ತಾನೆ, ಮೊದಲೇ ಹೇಳಿಬಿಡುತ್ತೇನೆ. ಅಕ್ಟೋಬರ್ 1ಕ್ಕೆ ಬೇಡ. ಮಾವನವರನ್ನು ಕರೆದುಕೊಂಡಂತೂ ಬೇಡವೇ ಬೇಡ. ಹೀಗೆ ಹೇಳಿ ಕೈತೊಳೆದುಕೊಂಡರೆ ನಿಮ್ಮ ಮನೆಯಲ್ಲಿ ಜಗಳ ನಿಲ್ಲುವುದಿಲ್ಲ, ಅದಕ್ಕೇ ಕಾರಣವನ್ನೂ ಹೇಳುತ್ತೇನೆ.

ಮೊದಲು ಈ ನಿಯಮಗಳ ಕಥೆ. ಡಿಸ್ನಿ ವರ್ಲ್ಡ್ ಬಾಗಿಲು ಹಾಕಿದ್ದು 2020ರ ಮಾರ್ಚ್ ಮಧ್ಯದಲ್ಲಿ, ತೆರೆದದ್ದು ಜುಲೈ 11ಕ್ಕೆ. ಈ ವರ್ಷ ಮೇ 13ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಎರಡೂ ಡೋಸ್ ಆದವರು ಮಾಸ್ಕ್ ತೆಗೆಯಬಹುದು ಎಂದರು. ಜೂನ್ 15ರಿಂದ ಪಾರ್ಕಿನವರೂ ಅದನ್ನೇ ಹೇಳಿದರು. ನೀವು ಟಿಕೆಟ್ ತೆಗೆದದ್ದು ಆ ಖುಷಿಯಲ್ಲಿ. ಅಷ್ಟರಲ್ಲಿ ಕೋವಿಡ್‌ನ ಡೆಲ್ಟಾ ತಳಿ ಬಂತು. ಮ್ಯಾಸಚೂಸೆಟ್ಸ್‌ನ ಕಡಲತೀರದ ಪ್ರಾವಿನ್ಸ್‌ಟೌನ್‌ನಲ್ಲಿ ಜುಲೈ ಹಬ್ಬದ ಗುಂಪಿನಿಂದ ಆ ರಾಜ್ಯದವರೇ 469 ಮಂದಿಗೆ ಸೋಂಕು ತಗುಲಿತು. ಅವರಲ್ಲಿ ನೂರಕ್ಕೆ 74 ಮಂದಿಗೆ ಪೂರ್ತಿ ಲಸಿಕೆ ಆಗಿತ್ತು. ಯಾರೂ ಸಾಯಲಿಲ್ಲ, ಆಸ್ಪತ್ರೆ ಸೇರಿದವರು ಐದೇ ಜನ. ಅಂದರೆ ಲಸಿಕೆ ತನ್ನ ಮುಖ್ಯ ಕೆಲಸ ಮಾಡಿತು. ಆದರೆ ಲಸಿಕೆ ಆದವರೂ ಸೋಂಕು ಹೊತ್ತು ತಿರುಗಬಹುದು, ಪಕ್ಕದವರಿಗೆ ಕೊಡಬಹುದು ಎಂಬುದು ಖಾತ್ರಿಯಾಯಿತು. ಜುಲೈ 27ರಂದು ಸಿಡಿಸಿ ಮಾತು ಬದಲಿಸಿತು. ಮೂರೇ ದಿನಕ್ಕೆ, ಜುಲೈ 30ರಿಂದ, ಡಿಸ್ನಿಯವರು ಎರಡು ವರ್ಷ ಮೇಲ್ಪಟ್ಟ ಎಲ್ಲರಿಗೂ ಒಳಾಂಗಣದಲ್ಲಿ ಮಾಸ್ಕ್ ಕಡ್ಡಾಯ ಮಾಡಿದರು.

ಇದರಲ್ಲಿ ಯಾರ ಮೇಲೂ ಸಿಟ್ಟಾಗುವಂಥದ್ದಿಲ್ಲ. ಹೊಳೆ ಏರಿದ್ದು ಕಂಡಮೇಲೆ ತಾನೆ ಅಂಬಿಗ ದೋಣಿ ಕಟ್ಟಿಹಾಕುವುದು? ನಿಮ್ಮ ಯಜಮಾನರು ತಪ್ಪುವುದು ಇಲ್ಲೇ. ಮಾಸ್ಕ್ ಮತ್ತೆ ಬಂದಿದೆ ಅಂದರೆ ಜಾಗ ಸುರಕ್ಷಿತವಾಯಿತು ಅಂತಲ್ಲ, ನೀರು ಏರಿದೆ ಅಂತ. ಎಷ್ಟು ಏರಿದೆ? ಡಿಸ್ನಿಯ ಬಹುಪಾಲು ಇರುವ ಆರೆಂಜ್ ಕೌಂಟಿಯ ಮೇಯರ್ ಜುಲೈ 28ರಂದು ತುರ್ತು ಪರಿಸ್ಥಿತಿ ಘೋಷಿಸಿದರು. ಆಗಸ್ಟ್ 1ರಂದು ಫ್ಲೋರಿಡಾದ ಆಸ್ಪತ್ರೆಗಳಲ್ಲಿ 10,207 ಕೋವಿಡ್ ರೋಗಿಗಳಿದ್ದರು, ಹೋದ ವರ್ಷದ ಜುಲೈ ದಾಖಲೆಯೂ ಮುರಿಯಿತು. ಆಮೇಲೆ ಅದು ಏರುತ್ತಲೇ ಹೋಯಿತು. ಇನ್ನೊಂದು ಸುದ್ದಿ ನನ್ನನ್ನು ಅಲ್ಲಾಡಿಸಿತು. ಆಗಸ್ಟ್ 20ರಂದು ಒರ್ಲ್ಯಾಂಡೊ ಮೇಯರ್ ಜನರಿಗೆ ಹುಲ್ಲುಹಾಸಿಗೆ ನೀರು ಬಿಡಬೇಡಿ, ಕಾರು ತೊಳೆಯಬೇಡಿ ಎಂದು ಕೇಳಿಕೊಂಡರು. ಬರ ಬಂದಿರಲಿಲ್ಲ. ಕುಡಿಯುವ ನೀರು ಶುದ್ಧ ಮಾಡಲು ಬಳಸುವ ದ್ರವ ಆಮ್ಲಜನಕ ಆಸ್ಪತ್ರೆಗಳಿಗೆ ಹೋಗುತ್ತಿತ್ತು. ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತ ಸುದ್ದಿ ಓದಿದ ನಮಗೆ ಆಮ್ಲಜನಕ ಎಂಬ ಮಾತಿನ ತೂಕ ಬೇರೆ ಯಾರೂ ತಿಳಿಸಿಕೊಡಬೇಕಿಲ್ಲ.

ನಿಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ. ಎರಡು ಡೋಸ್ ಆಗಿರುವುದರಿಂದ ಅವರಿಗೆ ಸೋಂಕು ತಗುಲಿದರೂ ಗುಣವಾಗುವ ಸಾಧ್ಯತೆಯೇ ಹೆಚ್ಚು. ಆದರೆ 72 ವಯಸ್ಸು, ಸಕ್ಕರೆ, ಹೃದಯ, ಈ ಮೂರೂ ಒಂದೇ ಮೈಯಲ್ಲಿ ಇರುವಾಗ ನಾನು ಕೋವಿಡ್ ಒಂದನ್ನೇ ನೋಡುವುದಿಲ್ಲ. ಬಿಸಿಲಲ್ಲಿ ನಡೆದೂ ನಡೆದೂ ಅವರಿಗೆ ಎದೆ ಹಿಡಿದುಕೊಂಡಿತು ಅನ್ನಿ, ಆಂಬುಲೆನ್ಸ್ ಹೋಗುವುದು ಅದೇ ತುಂಬಿದ ಎಮರ್ಜೆನ್ಸಿಗೆ. ಊರಿನಿಂದ ಬಂದವರಿಗೆ ಮಾಡಿಸುವ ವಿಸಿಟರ್ ಇನ್ಶೂರೆನ್ಸ್ ಬಹುಪಾಲು ಹಳೆಯ ಕಾಯಿಲೆಗಳ ಖರ್ಚನ್ನು ಪೂರ್ತಿ ಕೊಡುವುದಿಲ್ಲ. ಪಾಲಿಸಿ ತೆಗೆದು ಸಣ್ಣ ಅಕ್ಷರಗಳನ್ನು ಇವತ್ತೇ ಓದಿ. ಟ್ರಿಪ್ ರದ್ದಾದರೂ ಆ ಓದು ನಷ್ಟವಲ್ಲ.

ಆರು ವರ್ಷದವನಿಗೆ ಕಾಯಿಲೆ ತೀವ್ರವಾಗುವುದು ಅಪರೂಪ, ಅದು ನಿಜ. ಅವನ ತೊಂದರೆ ಬೇರೆ ಇದೆ, ಕ್ಯಾಲೆಂಡರ್ ನೋಡಿ. ಅಕ್ಟೋಬರ್ 3, ಭಾನುವಾರ ವಾಪಸ್ ಬಂದಿರಿ ಅಂದುಕೊಳ್ಳೋಣ. ಲಸಿಕೆ ಆಗದವರು ಪ್ರಯಾಣ ಮುಗಿಸಿ 3ರಿಂದ 5 ದಿನಕ್ಕೆ ಟೆಸ್ಟ್ ಮಾಡಿಸಬೇಕು, ನೆಗೆಟಿವ್ ಬಂದರೂ ಏಳು ದಿನ ಮನೆಯಲ್ಲೇ ಇರಬೇಕು ಎಂದು ಸಿಡಿಸಿ ಸಲಹೆ. ನ್ಯೂಜೆರ್ಸಿಯಲ್ಲಿ ಈ ವರ್ಷ ಮನೆಯಿಂದ ಶಾಲೆ ಎಂಬ ದಾರಿ ಮುಚ್ಚಿದ್ದಾರೆ. ಒಂದು ವಾರ ಅವನು ಮನೆಯಲ್ಲಿ, ಜೊತೆಗೆ ಅಜ್ಜ ಅಜ್ಜಿ. ಅಂದರೆ ಟ್ರಿಪ್‌ಗೆ ಮಾವನವರನ್ನು ಬಿಟ್ಟುಹೋದರೂ, ತಿರುಗಿ ಬಂದವರು ಸೋಂಕು ತಂದಿದ್ದರೆ ಮೊದಲು ತಗುಲುವುದು ಅವರಿಗೇ. ನೀವು ಕೇಳದೇ ಬಿಟ್ಟ ಪ್ರಶ್ನೆ ಇದು, ನನಗೆ ಹೆಚ್ಚು ಚಿಂತೆಯೂ ಇದರದ್ದೇ.

ಬಯಲಲ್ಲಿ ತಾನೆ ಇರೋದು, ಅಂತ ಹೇಳುವವರಿದ್ದಾರೆ. 2017ರಲ್ಲಿ ನಾನು ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮೋಡ ಕಟ್ಟಿತು. ಸೆಪ್ಟೆಂಬರ್ ಕೊನೆಯವರೆಗೂ ಫ್ಲೋರಿಡಾದಲ್ಲಿ ಇದು ದಿನಚರಿ. ಗುಡುಗು ಬಂದ ಕೂಡಲೇ ಬಯಲಿನ ಆಟಗಳನ್ನು ನಿಲ್ಲಿಸುತ್ತಾರೆ. ಬಯಲಲ್ಲಿದ್ದವರೆಲ್ಲ ಹತ್ತಿರದ ಅಂಗಡಿಗೆ ನುಗ್ಗಿದೆವು. ಸೀರೆಯ ಮೇಲೆ ಹಳದಿ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡ ಅಮ್ಮ, ಅವರ ಎದೆಗೊತ್ತಿದ ಯಾರದೋ ಮಗುವಿನ ತಳ್ಳುಗಾಡಿ, ಹಬೆ ಹಿಡಿದ ಗಾಜು, ಒದ್ದೆ ಕಾಲುಚೀಲದ ವಾಸನೆ. ನಲವತ್ತು ನಿಮಿಷ ಕೈ ಎತ್ತಲೂ ಜಾಗವಿರಲಿಲ್ಲ. ಅವತ್ತು ನಗು ಬಂತು. ಈಗ ಅದನ್ನು ನೆನೆದರೆ ಡಾಕ್ಟರ್ ಬುದ್ಧಿ ಅಲ್ಲಿದ್ದವರ ಉಸಿರು ಎಣಿಸುತ್ತದೆ. ಅಲ್ಲಿ ಲಸಿಕೆ ಆದವರೆಷ್ಟು, ಆಗದವರೆಷ್ಟು ಎಂದು ಪಾರ್ಕಿನವರಿಗೂ ಗೊತ್ತಿರುವುದಿಲ್ಲ, ಗಿರಾಕಿಗಳಿಂದ ಲಸಿಕೆ ಪತ್ರ ಕೇಳಬಾರದೆಂದು ಫ್ಲೋರಿಡಾದಲ್ಲಿ ಕಾನೂನೇ ಇದೆ.

ಹಾಗಾದರೆ ಮಗಳ ಹಟ? ಐವತ್ತರ ಉತ್ಸವ ಅಕ್ಟೋಬರ್ 1ಕ್ಕೇ ಮುಗಿಯುವುದಿಲ್ಲ, 18 ತಿಂಗಳು ನಡೆಯುತ್ತದೆ ಎಂದು ಅವರೇ ಹೇಳಿದ್ದಾರೆ. 5ರಿಂದ 11 ವರ್ಷದವರ ಲಸಿಕೆಯ ಪರೀಕ್ಷೆಗಳು ನಡೆಯುತ್ತಿವೆ, ಕೆಲವು ತಿಂಗಳಲ್ಲಿ ಬರುವ ನಿರೀಕ್ಷೆಯಿದೆ. ಡಿಸ್ನಿ ಟಿಕೆಟ್ಟಿನ ದುಡ್ಡು ವಾಪಸ್ ಬರುವುದಿಲ್ಲ, ಆದರೆ ಅದರ ಬೆಲೆಯನ್ನು ಮುಂದಿನ ತಾರೀಖಿಗೆ ಹಾಕಿಕೊಳ್ಳಬಹುದು. ವ್ಯತ್ಯಾಸದ ಹಣ ಕಟ್ಟಬೇಕಾದೀತು. ಬರುವ ವಸಂತದ ರಜೆಗೆ ಬದಲಿಸಿ. ಹೋಟೆಲು, ವಿಮಾನದ ಗಡುವುಗಳು ಬೇರೆ ಬೇರೆ ಇರುತ್ತವೆ, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಉಳಿದದ್ದು ನಿಜವಾದ ಗಂಟು. ವಸಂತಕ್ಕೆ ಅತ್ತೆ ಮಾವ ಇಲ್ಲಿರುವುದಿಲ್ಲ. ಮೇ 4ರಿಂದ ಭಾರತದಿಂದ ಬರುವವರಿಗೆ ನಿರ್ಬಂಧವಿದೆ, ಒಮ್ಮೆ ಹೋದರೆ ಮತ್ತೆ ಯಾವಾಗ ಬರಬಹುದೋ ಯಾರಿಗೂ ಗೊತ್ತಿಲ್ಲ. "ಇದೊಂದು ಸಲ ಎಲ್ಲರೂ ಒಟ್ಟಿಗೆ" ಎಂಬ ನಿಮ್ಮ ಆಸೆಯನ್ನು ನಾನು ಹಗುರ ಮಾಡುವುದಿಲ್ಲ. ಒಂದು ಕೆಲಸ ಮಾಡಿ. ಮಕ್ಕಳು ಇಲ್ಲದ ಹೊತ್ತು ನೋಡಿ, ಮಾವನವರ ಪಕ್ಕ ಕೂತು, "ನಿಮಗೆ ಅಲ್ಲಿಗೆ ಹೋಗಬೇಕು ಅಂತ ಇದೆಯಾ?" ಎಂದು ಕೇಳಿ. ನನ್ನ ಕ್ಲಿನಿಕ್ಕಿನಲ್ಲಿ ನೋಡಿದ ಮಟ್ಟಿಗೆ ಮಗ ಅಪ್ಪನಿಗೋಸ್ಕರ ಹೊರಡುತ್ತಾನೆ, ಅಪ್ಪ ಮೊಮ್ಮಗನಿಗೋಸ್ಕರ ಹೂಂ ಅನ್ನುತ್ತಾರೆ, ಮೊಮ್ಮಗ ಹೋಟೆಲಿನ ಈಜುಕೊಳದಲ್ಲೇ ಖುಷಿಯಾಗಿರುತ್ತಾನೆ. ಅಕ್ಟೋಬರ್‌ನಲ್ಲಿ ನಿಮ್ಮ ಸುತ್ತಮುತ್ತ ಎಲೆಗಳೆಲ್ಲ ಬಣ್ಣ ತಿರುಗುತ್ತವೆ. ಪೆನ್ಸಿಲ್ವೇನಿಯಾದ ಲಾಂಗ್‌ವುಡ್ ಗಾರ್ಡನ್ಸ್‌ಗೆ ಕಾರಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದು. ಪುಳಿಯೋಗರೆ ಡಬ್ಬಿ, ಮಡಚುವ ಕುರ್ಚಿ, ಮಾವನವರ ಇನ್ಸುಲಿನ್. ಅತ್ತೆಯವರ ಮಂಡಿಗೂ ಅದೇ ಹಿತ.

ಪ್ರಶ್ನೆ: ಅಟ್ಲಾಂಟಾದಿಂದ ಕಾರಿನಲ್ಲಿ ಡಿಸ್ನಿಗೆ ಹೊರಟಿದ್ದೇವೆ, ನಾಲ್ವರಿಗೂ ಲಸಿಕೆ ಆಗಿದೆ. ಬಿಡಿ ಅಂದರೂ ಬಿಡುವುದಿಲ್ಲ, ಕ್ಷಮಿಸಿ. ನನಗೆ 48, ಇನ್ಸುಲಿನ್ ಪೆನ್ ಇದೆ. ಏನೇನು ಎಚ್ಚರಿಕೆ?

ಉತ್ತರ: ಕ್ಷಮೆ ಏಕೆ, ನಾಲ್ವರಿಗೂ ಲಸಿಕೆ ಆಗಿ, ಮನೆಯಲ್ಲಿ ವಯಸ್ಸಾದವರಿಲ್ಲದಿದ್ದರೆ ನಾನೂ ಬಹುಶಃ ಹೊರಡುತ್ತಿದ್ದೆ.

ಬಳಸುತ್ತಿರುವ ಪೆನ್ 30 ಡಿಗ್ರಿ ಸೆಲ್ಸಿಯಸ್ ದಾಟಬಾರದು. ನಿಲ್ಲಿಸಿದ ಕಾರಿನೊಳಗೆ ಫ್ಲೋರಿಡಾ ಬಿಸಿಲಿಗೆ 50 ದಾಟುತ್ತದೆ, ಅಲ್ಲಿ ಬಿಟ್ಟು ಹೋದರೆ ಆ ಪೆನ್ ಕಸಕ್ಕೆ. ಊರಲ್ಲಿ ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಯಲ್ಲಿಟ್ಟು ಇನ್ಸುಲಿನ್ ಕಾಪಾಡಿಕೊಳ್ಳುತ್ತಾರೆ, ನೀರಲ್ಲಿ ನೆನೆಸುವ ಚೀಲಗಳೂ ಅದೇ ಉಪಾಯದವು. ಆದರೆ ಒರ್ಲ್ಯಾಂಡೊದ ಸೆಕೆ ನಮ್ಮ ಮಂಗಳೂರಿನಂಥದ್ದು, ಗಾಳಿಯಲ್ಲೇ ನೀರು ತುಂಬಿರುವಾಗ ಒದ್ದೆ ಚೀಲ ಬೇಗ ಆರದು, ತಣ್ಣಗಾಗುವುದೂ ಅಷ್ಟಕ್ಕಷ್ಟೇ. ಥರ್ಮಲ್ ಪೌಚ್ ತಗೊಳ್ಳಿ, ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿಡಿ, ಪೆನ್ನಿಗೆ ನೇರ ತಾಗಿದರೆ ಹೆಪ್ಪುಗಟ್ಟಿ ಕೆಡುತ್ತದೆ. ದಿನವಿಡೀ ನಡೆದಾಗ ಸಕ್ಕರೆ ಇಳಿಯುತ್ತದೆ. ಎರಡು ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿ, ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ ಇರಲಿ. ಹೊಸ ಶೂ ಬೇಡ, ರಾತ್ರಿ ಪಾದದಡಿ ನೋಡಿಕೊಳ್ಳಿ.

ಮಾಸ್ಕ್ ಬೆವರಿಗೆ ಒದ್ದೆಯಾದರೆ ಉಸಿರು ಬದಿಯಿಂದ ನುಗ್ಗುತ್ತದೆ. ದಿನಕ್ಕೆ ಒಬ್ಬೊಬ್ಬರಿಗೆ ನಾಲ್ಕು ಒಯ್ಯಿರಿ. ಬಸ್ಸು, ಮೊನೊರೈಲಿನಲ್ಲೂ ಹಾಕಲೇಬೇಕು. ಆಟದಲ್ಲಿ ಕಳೆಯುವುದು ಕೆಲವೇ ನಿಮಿಷ, ಕ್ಯೂನಲ್ಲಿ ಕಳೆಯುವುದು ಗಂಟೆ. ಆಟ ಆರಿಸಿಕೊಳ್ಳುವಾಗ ಕ್ಯೂ ಎಲ್ಲಿ ನಿಲ್ಲುತ್ತದೆ ನೋಡಿ. ಪ್ರಾಣಿಗಳ ಸಫಾರಿಯ ಗಾಡಿಗೆ ಗೋಡೆಯಿಲ್ಲ, ಬೆಳಗ್ಗೆ ಮೊದಲು ಅಲ್ಲಿಗೆ ಹೋಗಿ. ಮೂರು ಗಂಟೆಗೆ ಮೋಡ ಕಂಡರೆ ಹೋಟೆಲಿಗೆ ಮರಳಿ ಒಂದು ನಿದ್ದೆ ತೆಗೆಯಿರಿ.

ಪ್ರಶ್ನೆ: ನಾನು ಐದು ತಿಂಗಳ ಬಸುರಿ, ಶಾರ್ಲೆಟ್‌ನಲ್ಲಿದ್ದೇನೆ. ಮಗು ಹುಟ್ಟಿದ ಮೇಲೆ ಎಲ್ಲಿಗೂ ಹೋಗಲಾಗದು, ಸೆಪ್ಟೆಂಬರ್‌ನಲ್ಲೇ ಡಿಸ್ನಿ ನೋಡಿಬರೋಣ ಅಂತ. ಲಸಿಕೆಗೆ ಅಮ್ಮ ಬೇಡ ಅನ್ನುತ್ತಾರೆ.

ಉತ್ತರ: ಡಿಸ್ನಿ ಕಾಯುತ್ತದೆ, ಲಸಿಕೆ ಕಾಯಬಾರದು. ಬಸುರಿಯರು ಲಸಿಕೆ ತಗೊಳ್ಳಬೇಕು ಎಂದು ಸಿಡಿಸಿ ಆಗಸ್ಟ್ 11ರಂದು ಸ್ಪಷ್ಟವಾಗಿ ಹೇಳಿದೆ. ಬಸುರಿನಲ್ಲಿ ಕೋವಿಡ್ ಬಂದರೆ ಐಸಿಯು ಸೇರುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚು. ಅಮ್ಮನಿಗೆ ಫೋನ್ ಕೊಡಿ, ನಿಮ್ಮ ಹೆರಿಗೆ ಡಾಕ್ಟರ್ ಹತ್ತಿರ ಅವರೇ ಮಾತಾಡಲಿ, ಅವರ ಭಯವೂ ನಿಮ್ಮ ಮೇಲಿನ ಅಕ್ಕರೆಯೇ. ಅಷ್ಟು ದೂರ ಹೋದರೂ ದೊಡ್ಡ ಆಟಗಳನ್ನೆಲ್ಲ ನೀವು ಹತ್ತಬಾರದು, ಬೆಂಚಿನ ಮೇಲೆ ಕೂತು ಗಂಡನ ಬ್ಯಾಗು ಕಾಯಬೇಕಾಗುತ್ತದೆ.

ಪ್ರಶ್ನೆ: ಗ್ರೀನ್ ಕಾರ್ಡ್ ಇರುವ ನಮ್ಮ ತಾಯಿ ಬೆಂಗಳೂರಿನಲ್ಲಿ ಎರಡು ಡೋಸ್ ಕೋವಿಶೀಲ್ಡ್ ತಗೊಂಡು ಬಂದಿದ್ದಾರೆ. ಇಲ್ಲಿ ಮತ್ತೆ ಫೈಜರ್ ಕೊಡಿಸಬೇಕೆ?

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಪಟ್ಟಿಯಲ್ಲಿ ಕೋವಿಶೀಲ್ಡ್ ಇದೆ, ಸಿಡಿಸಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪ್ರಮಾಣಪತ್ರದ ಪ್ರತಿ ಅವರ ಪರ್ಸಿನಲ್ಲಿರಲಿ. ಕೋವ್ಯಾಕ್ಸಿನ್ ಇನ್ನೂ ಆ ಪಟ್ಟಿ ಸೇರಿಲ್ಲ, ಅದನ್ನು ತಗೊಂಡವರು ಇಲ್ಲಿಯ ತಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ಡಾಕ್ಟರ್ ಅಂಕಲ್, ನನಗೆ 11 ವರ್ಷ. ನವೆಂಬರ್ 9ಕ್ಕೆ 12 ಆಗುತ್ತೆ. ನಾನು ಅಮ್ಮನಿಗಿಂತ ಉದ್ದ ಇದ್ದೀನಿ. ಈಗಲೇ ಲಸಿಕೆ ಕೊಡ್ತಾರಾ? ಅಪ್ಪ ಲಸಿಕೆ ಆದ್ಮೇಲೇ ಡಿಸ್ನಿ ಅಂದಿದ್ದಾರೆ. (ಅಜ್ಜಿ ಕೈಯಲ್ಲಿ ಬರೆಸಿದ್ದು)

ಉತ್ತರ: ಕೊಡುವುದಿಲ್ಲ ಪುಟ್ಟಾ. ಲಸಿಕೆಗೆ ಎತ್ತರ ನೋಡುವುದಿಲ್ಲ, ವಯಸ್ಸು ನೋಡುತ್ತಾರೆ. ನಿನ್ನ ವಯಸ್ಸಿನವರ ಲಸಿಕೆ ಅಷ್ಟರೊಳಗೆ ಬಂದರೆ ಸರಿ, ಇಲ್ಲದಿದ್ದರೆ ಹುಟ್ಟುಹಬ್ಬದ ದಿನವೇ ಹೋಗು. ನವೆಂಬರ್ 9ಕ್ಕೆ ಮೊದಲನೆಯದು, 21 ದಿನ ಬಿಟ್ಟು 30ಕ್ಕೆ ಎರಡನೆಯದು, ಅದು ಪೂರ್ತಿ ಕೆಲಸ ಮಾಡಲು ಇನ್ನೆರಡು ವಾರ, ಡಿಸೆಂಬರ್ 14. ಅಪ್ಪ ಕ್ರಿಸ್‌ಮಸ್ ವಾರ ಬುಕ್ ಮಾಡದಂತೆ ನೋಡಿಕೋ, ಆಗ ವರ್ಷದಲ್ಲೇ ಹೆಚ್ಚು ಜನ. ಜನವರಿಯಲ್ಲಿ ಶಾಲೆ ಶುರುವಾದ ಮೇಲಿನ ವಾರ ಕ್ಯೂ ಸಣ್ಣದು. ಶಾಲೆಗೆ ರಜೆ ಕೇಳುವುದು ನಿನ್ನ ಅಪ್ಪನ ಪಾಡು, ಅದಕ್ಕೆ ನಾನು ಚೀಟಿ ಬರೆದುಕೊಡುವುದಿಲ್ಲ.