ಸಾಮಾನ್ಯ ಜ್ಞಾನ: ಮಹಾವೀರಾಚಾರ್ಯ ಮತ್ತು 12345654321

1. ಕೃತಿ: ಗಣಿತಸಾರಸಂಗ್ರಹ (ಸುಮಾರು ಕ್ರಿ.ಶ. 850).
2. ಆಶ್ರಯದಾತ: ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ. ರಾಜಧಾನಿ: ಮಾನ್ಯಖೇಟ (ಇಂದಿನ ಮಳಖೇಡ, ಕಲಬುರಗಿ ಜಿಲ್ಲೆ).
3. ಕೃತಿಯಲ್ಲಿನ ಗುಣಾಕಾರ: 27994681 × 441 = 12345654321.
4. ಓದುವ ಕ್ರಮ: 1,234 ಕೋಟಿ 56 ಲಕ್ಷ 54 ಸಾವಿರದ 321.

ವರ್ಗೀಕರಣ
- 11 ಅಂಕಿಗಳ ಬೆಸ ಸಂಖ್ಯೆ, ಸಂಯುಕ್ತ ಸಂಖ್ಯೆ.
- ಎಡದಿಂದಲೂ ಬಲದಿಂದಲೂ ಒಂದೇ.
- ಪೂರ್ಣವರ್ಗ: 111111².
- ಅವಿಭಾಜ್ಯ ಅಪವರ್ತನಗಳು: 3² × 7² × 11² × 13² × 37².
- ಒಟ್ಟು ಅಪವರ್ತನಗಳು: (2+1)⁵ = 243.
- ಅಂಕಿಗಳ ಮೊತ್ತ 36. ಆದ್ದರಿಂದ 9ರಿಂದ ನಿಶ್ಶೇಷ ಭಾಗವಾಗುತ್ತದೆ.

ಗೊಂದಲ ಬೇಡ
- ಪೂರ್ಣವರ್ಗ ಹೌದು, ಪೂರ್ಣಘನ ಅಲ್ಲ.
- ಪೂರ್ಣವರ್ಗವೇ ಬೇರೆ, ಪರಿಪೂರ್ಣ ಸಂಖ್ಯೆಯೇ (6, 28, 496) ಬೇರೆ.
- ಗಣಿತಸಾರಸಂಗ್ರಹ ಸಂಸ್ಕೃತ ಕೃತಿ. ಅದೇ ಕಾಲದ ಕವಿರಾಜಮಾರ್ಗ ಕನ್ನಡ ಕೃತಿ.

ನೆನಪಿಡಿ: ಪೂರ್ಣವರ್ಗದ ಅಪವರ್ತನಗಳ ಸಂಖ್ಯೆ ಯಾವಾಗಲೂ ಬೆಸ.